ಸಮುದ್ರ ಮತ್ತು ದೊಡ್ಡಪ್ಪನ ಬೆನ್ನು

ಮಂಡ್ಯದ ನಮ್ಮ ಗುತ್ತಲಿನ ಬೀದಿಯಲ್ಲಿ ಯಾರಾದರೂ ಮಂಗಳೂರು, ಮಲ್ಪೆ, ಗೋಕರ್ಣದ ಕಡೆ ಹೊರಟರೆಂದರೆ ಮೊದಲು ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಾರೆ. “ಮೇಷ್ಟ್ರೇ, ಅಲ್ಲಿ ನೋಡ್ಲೇಬೇಕಾದ ಜಾಗ ಯಾವ್ಯಾವು ಸ್ವಲ್ಪ ಹೇಳಿ” ಎನ್ನುತ್ತಾರೆ. ಸಮುದ್ರದ ವಿಷಯದಲ್ಲಿ ಈ ಬೀದಿಗೆಲ್ಲ ನಾನೇ ದೊಡ್ಡ ಪಂಡಿತ. ನಾನು ಸಮುದ್ರ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಅದೂ ಅರೆಬರೆ ಎನ್ನುವುದು ಅವರಿಗೆ ಗೊತ್ತಿಲ್ಲ. ನಾನೂ ಹೇಳಲು ಹೋಗಿಲ್ಲ. ಗಂಟಲು ಸರಿಮಾಡಿಕೊಂಡು, ದೀಪಸ್ತಂಭ ನೋಡಿ, ಬಂದರು ನೋಡಿ, ಹಂಚಿನ ಕಾರ್ಖಾನೆ ನೋಡಿ, ನದಿ ಹೋಗಿ ಸಮುದ್ರ ಸೇರುವ ಜಾಗ ಮಾತ್ರ ತಪ್ಪಿಸಬೇಡಿ ಎಂದು ಬೆರಳು ಮಡಚುತ್ತಾ ಹೇಳುತ್ತೇನೆ. ಅವರು ತೃಪ್ತಿಯಿಂದ ಎದ್ದು ಹೋಗುತ್ತಾರೆ. ಅಷ್ಟು ಹೊತ್ತೂ ಅಡಿಗೆ ಮನೆಯಲ್ಲಿ ಸೌಟಿನ ಸದ್ದು ನಿಂತಿರುತ್ತದೆ. ನನ್ನ ಹೆಂಡತಿ ದೇವೀರಮ್ಮ ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ ಎಂದು ಅದರ ಅರ್ಥ. ಆ ಪ್ರವಾಸದಲ್ಲಿ ನಾವು ನೋಡಿದ ನಿಜವಾದ ನೋಟ ಯಾವುದೆಂದು ಅವಳಿಗೆ ಗೊತ್ತು, ನನಗೆ ಗೊತ್ತು. ಅದನ್ನು ನೋಡಿ ಬನ್ನಿ ಎಂದು ಬೇರೆಯವರಿಗೆ ಹೇಳುವ ಹಾಗಿಲ್ಲ.

ಈ ಸಮುದ್ರದ ಹುಚ್ಚು ನನಗೆ ಹತ್ತಿದ್ದು ಸ್ಟೇಷನ್ ರಸ್ತೆಯ ಭಟ್ಟರ ಹೋಟೆಲಿನಲ್ಲಿ. ನಾನಾಗ ಮಂಡ್ಯದಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಿಗ್ಗೆ ಹೋಟೆಲಿಗೆ ಹೋದರೆ ಭಟ್ಟರು ಗಲ್ಲಾದ ಮೇಲೆ ಕೂತು, ದೋಸೆ ಬರುವವರೆಗೂ ತಮ್ಮ ಊರಿನ ಕಡಲನ್ನು ಬಡಿಸುತ್ತಿದ್ದರು. ದೋಸೆ ತಡವಾದಷ್ಟೂ ಕಡಲು ಜಾಸ್ತಿ ಬೀಳುತ್ತಿತ್ತು. ಅವರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ಪಾಪ, ನಮ್ಮ ಕಬ್ಬಿನ ಗದ್ದೆಗಳ ನಡುವೆ ಬಂದು ಸಿಕ್ಕಿಕೊಂಡಿದ್ದರು. “ಸೂರ್ಯ ಮುಳುಗುವುದನ್ನು ನಮ್ಮ ಕಡಲಲ್ಲಿ ನೋಡಬೇಕು ಮಾರಾಯ್ರೆ” ಎನ್ನುವರು. “ಆದರೆ ಕೂತು ನೋಡಬೇಕು. ಹೊಯ್ಗೆಯ ಮೇಲೆ ಕಾಲು ಚಾಚಿ ಕೂತು ನೋಡಬೇಕು. ನಿಂತು ನೋಡಿದರೆ ಎಂತ ಪ್ರಯೋಜನವೂ ಇಲ್ಲ.” ಹೊಯ್ಗೆ ಎಂದರೆ ಮರಳು ಎಂದು ನನಗೆ ತಿಳಿದದ್ದೇ ಎಷ್ಟೋ ದೋಸೆಗಳು ಆದ ಮೇಲೆ.

ಇದನ್ನೆಲ್ಲ ನಾನು ಮನೆಗೆ ಬಂದು ದೇವೀರಮ್ಮನ ಮುಂದೆ ಒಪ್ಪಿಸುತ್ತಿದ್ದೆ. ಅವಳು ಹಲಗೂರಿನವಳು. ಅವಳು ನೋಡಿದ್ದ ದೊಡ್ಡ ನೀರೆಂದರೆ ಮಳೆಗಾಲದ ಶಿಂಷೆ. ಒಂದು ದಿನ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ ಕೇಳಿದಳು: “ಕೂತ್ಕಂಡೇ ನೋಡ್ಬೇಕಂತಾ?”

“ಹೂಂ, ಕೂತ್ಕೊಂಡೇ.”

“ಕಾಲು ಚಾಚ್ಕಂಡು?”

“ಕಾಲು ಚಾಚ್ಕೊಂಡು.”

ಅವಳು ಮೊರ ಪಕ್ಕಕ್ಕಿಟ್ಟು, “ಒಂದ್ಸಲ ಓಗನ” ಎಂದಳು. ಸೀರೆ ಬೇಕು, ಓಲೆ ಬೇಕು ಎಂದು ಬಾಯಿ ಬಿಟ್ಟವಳಲ್ಲ. ತವರಿನಲ್ಲಿ ಅಣ್ಣತಮ್ಮಂದಿರ ಹಿಂಡಿಗೆ ಮುದ್ದೆ ತಿರುವಿ ತಿರುವಿ ಬೆಳೆದವಳು, ಇಲ್ಲಿ ಬಂದ ಮೇಲೂ ಕೂತು ಉಂಡದ್ದನ್ನು ನಾನು ನೋಡಿದ್ದು ಅಪರೂಪ. ಅವಳು ನನ್ನನ್ನು ಕೇಳಿದ್ದು ಇದೊಂದೇ, ಸ್ವಲ್ಪ ಹೊತ್ತು ಕೂರುವುದು. ಬೇಸಿಗೆ ರಜಕ್ಕೆ ಹೋಗೋಣ ಎಂದು ಮಾತು ಕೊಟ್ಟೆ. ಭಟ್ಟರು ಮಂಗಳೂರಿನಲ್ಲಿ ತಮ್ಮ ಪರಿಚಯದವರ ತೆಂಗಿನ ತೋಟದ ಹೊರಮನೆಯನ್ನು ಗೊತ್ತು ಮಾಡಿಕೊಟ್ಟರು. ದೇವೀರಮ್ಮ ಟ್ರಂಕು ತುಂಬಿದಳು.

ಹೊರಡುವ ಹಿಂದಿನ ದಿನ ಬೆಸಗರಹಳ್ಳಿಯಿಂದ ದೊಡ್ಡಪ್ಪ ಬಂದಿಳಿದರು. ಹೆಗಲ ಮೇಲೆ ರಾಗಿ ಹಿಟ್ಟಿನ ಚೀಲ, ಕೈಯಲ್ಲಿ ಮುದ್ದೆ ತಿರುವುವ ಕೋಲು. ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದರು. ನನ್ನನ್ನು ಸಾಕಿ, ಮದ್ದೂರಿನಲ್ಲಿ ಓದಿಸಿ, ಮೇಷ್ಟ್ರು ಮಾಡಿದವರು ಈ ದೊಡ್ಡಪ್ಪ. ಊರ ಕೆರೆಯ ಕೆಳಗೆ ಗದ್ದೆ. ಕೆರೆಯ ತೂಬು ಎತ್ತಿ ಅವರವರ ಸರದಿಗೆ ನೀರು ಬಿಡುವವನನ್ನು ನಮ್ಮಲ್ಲಿ ನೀರುಗಂಟಿ ಎನ್ನುತ್ತಾರೆ. ದೊಡ್ಡಪ್ಪ ತಮ್ಮ ಆಯುಸ್ಸಿನ ಅರ್ಧವನ್ನು ಗದ್ದೆ ಮಾಡುವುದರಲ್ಲೂ, ಇನ್ನರ್ಧವನ್ನು ನೀರುಗಂಟಿಯ ಜೊತೆ ಜಗಳವಾಡುವುದರಲ್ಲೂ ಕಳೆದಿದ್ದರು. ಎಲ್ಲಿ ನೀರು ಕಂಡರೂ ಇದನ್ನು ಬಿಡುವವನು ಯಾರು, ಈಗ ಯಾರ ಸರದಿ ಎಂದು ಕೇಳದಿದ್ದರೆ ಅವರಿಗೆ ಸಮಾಧಾನವಿಲ್ಲ.

“ಸಮುದ್ರಕ್ಕೆ ಓಯ್ತೀಯಂತೆ” ಎಂದರು. “ನಾನೂ ಬತ್ತೀನಿ ಕಣ್ಲಾ. ಅಷ್ಟೊಂದು ನೀರು ಇಟ್ಕಂಡವ್ರೆ ಅಂತಾರೆ. ಅದೆಂಗೆ ನಡೆಸ್ತಾವ್ರೆ ಅಂತ ಒಸಿ ನೋಡ್ಬೇಕು.”

ನಾನು ಬಾಗಿಲ ಕಡೆ ನೋಡಿದೆ. ದೇವೀರಮ್ಮ ತಲೆಯ ಮೇಲೆ ಸೆರಗು ಹೊದ್ದು ಆಗಲೇ ಒಳಗೆ ಹೋಗಿಯಾಗಿತ್ತು. ಹಿಂದೆಯೇ ಹೋದೆ. “ಸಾಕಿದೋರ್ನ ಬ್ಯಾಡ ಅನ್ನಕ್ಕಾಯ್ತದಾ? ಬರ್ಲಿ ಬುಡಿ” ಎಂದಳು. ಹಾಗೆಂದು, ಮಡಿಸಿಟ್ಟಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು.

ಇದರ ಕಷ್ಟ ಈಗಿನ ಹುಡುಗರಿಗೆ ತಿಳಿಯುವುದಿಲ್ಲ. ನಮ್ಮ ಕಡೆ ಸೊಸೆಯಾದವಳು ಮಾವನ ಎದುರಿಗೆ ಕೂರುವ ಹಾಗಿಲ್ಲ. ಗಂಡನ ದೊಡ್ಡಪ್ಪನೂ ಮಾವನೇ, ಒಂದು ಕೈ ಹೆಚ್ಚೇ. ಎದುರಿಗೆ ನಿಂತು ಮಾತಾಡುವ ಹಾಗೂ ಇಲ್ಲ. ಸಾರು ಬೇಕಾ ಎಂದು ಕೇಳಬೇಕಾದರೆ ಅವಳು ಕಂಬವನ್ನು ಕೇಳುತ್ತಿದ್ದಳು, “ಇನ್ನೊಸಿ ಸಾರು ಬೇಕಾ ಕೇಳಿ” ಎಂದು. ಆ ಕಂಬ ನಾನು. ದೊಡ್ಡಪ್ಪನೂ ಕಂಬಕ್ಕೇ ಉತ್ತರ ಹೇಳುತ್ತಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕೋಪವೇನೂ ಇರಲಿಲ್ಲ. ಊರಿನಿಂದ ಅವರೆಕಾಯಿ ಬಂದರೆ ಮೊದಲ ಮೂಟೆ ಗುತ್ತಲಿಗೆ, ಸೊಸೆಯ ಹೆಸರಿನಲ್ಲಿ, “ಆ ಮಗ ತಿನ್ಲಿ” ಎಂದು. ಆದರೆ ಆ ಮಗ ಅವರೆದುರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಮಂಡ್ಯದಲ್ಲಿ ರೈಲು ಹತ್ತಿದೆವು. ದೊಡ್ಡಪ್ಪ ಕಿಟಕಿ ಪಕ್ಕ ಕೂತರು. ಎದುರಿನ ಬೆಂಚು ಪೂರ್ತಿ ಖಾಲಿ. ದೇವೀರಮ್ಮ ನಿಂತೇ ಇದ್ದಳು. ಯಾರೋ ಅಜ್ಜಿ, “ಕೂತ್ಕೊ ಕಣವ್ವ, ಜಾಗ ಅದಲ್ಲ” ಎಂದು ಸೆರಗು ಹಿಡಿದು ಜಗ್ಗಿದರೂ ಕೂರಲಿಲ್ಲ. ದೊಡ್ಡಪ್ಪನಿಗೆ ಇದ್ಯಾವುದರ ಮೇಲೂ ಗಮನವಿಲ್ಲ. ಶ್ರೀರಂಗಪಟ್ಟಣ ದಾಟುವವರೆಗೂ ಕಿಟಕಿಯಿಂದ ಕಂಡವರ ಗದ್ದೆಯ ಕಳೆ ಲೆಕ್ಕ ಹಾಕುತ್ತಾ ಬಯ್ಯುತ್ತಿದ್ದರು. ಹಗಲು ಹೊತ್ತು ಅವರ ಕಣ್ಣು ಅಷ್ಟು ಚುರುಕು. ಹೊತ್ತು ಇಳಿಯಿತೋ, ಎದುರಿಗೆ ಎಮ್ಮೆ ನಿಂತಿದ್ದರೂ ಕಾಣುತ್ತಿರಲಿಲ್ಲ.

ಮೈಸೂರಿನಿಂದ ಮಡಿಕೇರಿ ಮೇಲೆ ಮಂಗಳೂರಿಗೆ ಬಸ್ಸು. ಪೆಟ್ರೋಲಿಗೆ ಬರ ಇದ್ದ ಕಾಲ. ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿತ್ತು. ಏರು ಬಂದಾಗೆಲ್ಲ ನಿಂತು ಒಲೆ ಕೆದಕಿಸಿಕೊಳ್ಳುತ್ತಿತ್ತು. ಇಲ್ಲಿ ನಾನೊಂದು ಬುದ್ಧಿ ಓಡಿಸಿದೆ. ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿ ದೊಡ್ಡಪ್ಪನನ್ನು ಡ್ರೈವರನ ಪಕ್ಕ ಕೂರಿಸಿದೆ. ಬೆನ್ನ ಹಿಂದೆ ಕೂರುವುದು ಎದುರಿಗೆ ಕೂತ ಹಾಗಲ್ಲವಲ್ಲ. ದೇವೀರಮ್ಮ ಮೊದಲು ಸೀಟಿನ ಅಂಚಿಗೆ ಕೂತಳು, ಆಮೇಲೆ ಪೂರ್ತಿ ಕೂತಳು. ಆಗಿನ ಮೈಸೂರು ರಾಜ್ಯದ ಗಡಿಯಲ್ಲಿ ದವಸ ಸಾಗಿಸಕೂಡದೆಂದು ತನಿಖೆ ಮಾಡುವವನೊಬ್ಬ ಬಂದು ಚೀಲದಲ್ಲೇನು ಎಂದ. ದೊಡ್ಡಪ್ಪ ಒಂದು ಹಿಡಿ ರಾಗಿ ಹಿಟ್ಟು ತೆಗೆದು ತಾವೇ ಬಾಯಿಗೆ ಹಾಕಿಕೊಂಡು, ಇನ್ನೊಂದು ಹಿಡಿ ಅವನ ಮೂಗಿಗೆ ಹಿಡಿದು, “ವಾಯುಗೆ ಔಸ್ತಿ ಸ್ವಾಮಿ, ಒಸಿ ತಗಳಿ” ಎಂದರು. ಅವನು ಸೀನುತ್ತಾ ಇಳಿದು ಹೋದ.

ಮಂಗಳೂರಿನಲ್ಲಿ ಮೊದಲ ಸಂಜೆ ಕಡಲ ತೀರಕ್ಕೆ ಹೋದೆವು. ಭಟ್ಟರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತೆ. ದೊಡ್ಡಪ್ಪ ಮಾತ್ರ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಬೊಗಸೆಯಲ್ಲಿ ತೆಗೆದು ಬಾಯಿಗೆ ಬಿಟ್ಟುಕೊಂಡು, ಥೂ ಎಂದು ಉಗಿದು ಬಂದು ಕೂತರು. “ಇಷ್ಟೊಂದು ನೀರ್ನ ಕೆಡಿಸ್ಕಂಡು ಕೂತವ್ರಲ್ಲೋ” ಎಂದರು. ಯಾರೋ ಅಜಾಗರೂಕತೆಯಿಂದ ಒಂದು ಮೂಟೆ ಉಪ್ಪು ಬೀಳಿಸಿದ್ದಾರೆ ಎನ್ನುವ ಹಾಗಿತ್ತು ಅವರ ಧಾಟಿ.

ಬಸ್ಸಿನ ಉಪಾಯವೇ ಇಲ್ಲೂ ನಡೆಯುತ್ತದೆ ಎಂದುಕೊಂಡು ನಾವು ಅವರ ಹಿಂದೆ ಒಂದಿಷ್ಟು ದೂರ ಸರಿದೆವು. ದೇವೀರಮ್ಮ ಮರಳನ್ನು ಕೈಯಿಂದ ಸವರಿ ಕೂತಳು. ತಕ್ಷಣ ದೊಡ್ಡಪ್ಪ ತಿರುಗಿ, “ಲೋ, ಆ ದೋಣಿಯೋನು ನೀರುಗಂಟಿಯೇನ್ಲಾ?” ಎಂದರು. ಅವಳು ದಡಕ್ಕನೆ ಎದ್ದಳು. ಅಲ್ಲ ದೊಡ್ಡಪ್ಪ, ಮೀನು ಹಿಡಿಯೋರು ಎಂದೆ. ಅವರು ಆ ಕಡೆ ತಿರುಗಿದರು, ಇವಳು ಕೂತಳು. “ಈ ನೀರು ಮುಂದಕ್ಕೆ ಬತ್ತದೆ, ಇಂದಕ್ಕೆ ಓಯ್ತದೆ, ಇದಕ್ಕೊಂದು ನ್ಯಾಯ ಬ್ಯಾಡ್ವೇನ್ಲಾ?” ಮತ್ತೆ ತಿರುಗಿದರು, ಮತ್ತೆ ಎದ್ದಳು. ದೊಡ್ಡಪ್ಪ ಮುಖ ನೋಡದೆ ಮಾತಾಡುವವರಲ್ಲ, ಮಾತಾಡದೆ ನೀರು ನೋಡುವವರೂ ಅಲ್ಲ. ಹೀಗೆ ಏಳುವುದು ಕೂರುವುದು ನಡೆದೇ ಇತ್ತು. ಅವಳೊಮ್ಮೆ ತಲೆ ತಗ್ಗಿಸಿ ನಿಂತಿದ್ದಾಗ ಅತ್ತ ಸೂರ್ಯ ಮುಳುಗಿಯೇಬಿಟ್ಟ. ತಲೆ ಎತ್ತಿ, “ಓಯ್ತಾ?” ಎಂದಳು. ಹೋಯಿತು ಎಂದೆ.

ಮರುದಿನ ಭಟ್ಟರು ಹೇಳಿದ್ದ ಜಾಗಗಳನ್ನೆಲ್ಲ ಸುತ್ತಿಸಿದೆ. ದೀಪಸ್ತಂಭ ನೋಡಿ ದೊಡ್ಡಪ್ಪ, “ದೀಪದ ಕಂಬ ನಮ್ಮ ಮದ್ದೂರಲ್ಲೂ ಅದೆ, ಇದು ಒಸಿ ಎತ್ರ” ಎಂದರು. ಬಂದರಿಗೆ ಒಂದೇ ಒಂದು ಹ್ಞೂಂ. ಹಂಚಿನ ಕಾರ್ಖಾನೆ ಮಾತ್ರ ಮೆಚ್ಚಿಗೆಯಾಯಿತು, ಒಂದು ಹಂಚನ್ನು ಬೆರಳಿಂದ ತಟ್ಟಿ ಸದ್ದು ಕೇಳಿ ಇನ್ನೊಂದನ್ನೂ ತಟ್ಟಿದರು. ಕೊನೆಗೆ ನೇತ್ರಾವತಿ ಸಮುದ್ರ ಸೇರುವ ಜಾಗಕ್ಕೆ ಕರೆದೊಯ್ದದ್ದು ನನ್ನ ಗ್ರಹಚಾರ. ಅಷ್ಟು ಅಗಲದ ಸಿಹಿನೀರಿನ ನದಿ ಬಂದು, ಯಾರನ್ನೂ ಕೇಳದೆ, ಯಾವ ಗದ್ದೆಗೂ ತಿರುಗದೆ, ಉಪ್ಪುನೀರಿಗೆ ಸುರಿದುಕೊಳ್ಳುತ್ತಿತ್ತು. ದೊಡ್ಡಪ್ಪ ದಡದಲ್ಲಿ ಕುಕ್ಕರಿಸಿದರು. ಒಂದೊಂದು ಬೊಗಸೆ ನೀರಿಗೆ ಕೆರೆ ಏರಿಯ ಮೇಲೆ ಜಗಳವಾಡಿದ ಮನುಷ್ಯ. ಅವರ ಕಣ್ಣಲ್ಲಿ ನೀರು ಬಂದಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. “ಕೇಳೋರೇ ಇಲ್ವಲ್ಲೋ” ಎಂದು ಅದನ್ನೇ ಹೇಳುತ್ತಾ ಹೊತ್ತು ಇಳಿದರೂ ಅಲ್ಲಿಂದ ಕದಲಲಿಲ್ಲ. ಆ ಸಂಜೆಯ ಸೂರ್ಯ ಮೀನುಗಾರರ ಗುಡಿಸಲುಗಳ ಹಿಂದೆ ಮುಳುಗಿದ. ದೇವೀರಮ್ಮ ಒಂದು ತೆಂಗಿನ ಮರಕ್ಕೆ ಒರಗಿ ನಿಂತೇ ಇದ್ದಳು.

ಉಳಿದದ್ದು ಒಂದೇ ಸಂಜೆ. ಮಾರನೆಯ ಬೆಳಿಗ್ಗೆ ಬಸ್ಸು. ಮಧ್ಯಾಹ್ನ ಮುದ್ದೆ ತಿರುವುತ್ತಿದ್ದ ದೇವೀರಮ್ಮ ತಲೆ ಎತ್ತದೆ ಹೇಳಿದಳು: “ಸಾಯಂಕಾಲ ನೀವಿಬ್ರೂ ಓಗ್ಬನ್ನಿ. ನಾನು ಮನೇಲೇ ಇರ್ತೀನಿ.”

“ಯಾಕೆ? ಇದಕ್ಕೇ ಅಲ್ವಾ ಬಂದದ್ದು?”

“ನಿಂತ್ಕಳಕ್ಕೆ ಅಲಗೂರಲ್ಲೂ ಜಾಗ ಇತ್ತು” ಎಂದಳು. ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ನಾನು ಸುಲಭವಾಗಿ ಪಾರಾಗುತ್ತಿದ್ದೆ.

ನಾನು ಮಕ್ಕಳಿಗೆ ಪಾಠ ಹೇಳುವವನು, ಸಭೆಯಲ್ಲಿ ಎದ್ದು ನಿಂತು ಸ್ವಾತಂತ್ರ್ಯದ ವಿಷಯ ಮಾತಾಡಿದವನು, ಹೆಂಡತಿಯನ್ನು ಒಂದು ಹಿಡಿ ಮರಳಿನ ಮೇಲೆ ಕೂರಿಸಲಾರದೆ ಹೋದೆನಲ್ಲ ಎನಿಸಿತು. ಆದರೆ ಸಾಕಿ ಬೆಳೆಸಿದ ಹಿರಿಯರಿಗೆ, ನೀನು ತಿರುಗಬೇಡ, ಅವಳು ಕೂರಬೇಕು ಎಂದು ಹೇಳುವ ನಾಲಗೆ ನನಗಿರಲಿಲ್ಲ. ಹೇಳಿದರೆ ಅವರು ನೊಂದುಕೊಂಡು ತೀರಕ್ಕೇ ಬರುವುದಿಲ್ಲ, ಅವರು ಬರದಿದ್ದರೆ ಅವಳೂ ಹೊರಡುವವಳಲ್ಲ. ಎಲೆ ಅಡಿಕೆ ಹಾಕುವ ಹೊತ್ತಿಗೆ ನನ್ನ ತಲೆಗೆ ಒಂದು ಘನವಾದ ಉಪಾಯ ಹೊಳೆಯಿತು. ದೊಡ್ಡಪ್ಪನಿಗೆ ಪರಊರಿನ ಪದ್ಧತಿ ಎಂದರೆ ಬಹಳ ಮರ್ಯಾದೆ. ಯಾವ ಊರಿಗೆ ಹೋದರೂ, ಇಲ್ಲಿ ಚಪ್ಪಲಿ ಎಲ್ಲಿ ಬಿಡ್ತಾರೆ ಎಂದು ಮೊದಲು ಕೇಳುವವರು.

“ದೊಡ್ಡಪ್ಪ, ಇಲ್ಲಿ ಒಂದು ಪದ್ಧತಿ ಉಂಟಂತೆ” ಎಂದೆ. “ಸೂರ್ಯ ನೀರಿಗೆ ಮುಟ್ಟುವ ಹೊತ್ತಿಗೆ ಮನೆಯ ಹಿರಿಯರು ಎಲ್ಲರಿಗಿಂತ ಮುಂದೆ ಕೂರಬೇಕಂತೆ. ಆಕಾಶದಲ್ಲಿ ಚುಕ್ಕಿ ಕಾಣುವವರೆಗೂ ತಿರುಗಿ ನೋಡಬಾರದಂತೆ.”

“ನೋಡುದ್ರೆ?”

ಇದಕ್ಕೆ ನಾನು ತಯಾರಾಗಿರಲಿಲ್ಲ. “ಸಮುದ್ರಕ್ಕೆ ಅವಮಾನವಂತೆ” ಎಂದುಬಿಟ್ಟೆ.

“ಯಾರು ಯೋಳಿದ್ರು?”

“ಭಟ್ಟರು.”

ದೊಡ್ಡಪ್ಪ ಎಲೆ ಅಗಿಯುತ್ತಾ ನನ್ನ ಮುಖವನ್ನೇ ನೋಡಿದರು. ಆಮೇಲೆ, “ಆಗ್ಲಿ, ಅವರೂರ ಪದ್ದತಿ ನಾವ್ಯಾಕೆ ಕೆಡಿಸ್ಬೇಕು” ಎಂದರು. ಕಂಬದ ಆಚೆ ಒಳಮನೆಗೂ ಕೇಳುವ ಹಾಗೆ ಗಟ್ಟಿಯಾಗಿ, “ಎಲ್ರೂ ಬರ್ಬೇಕು” ಎಂದೂ ಸೇರಿಸಿದರು.

ಆ ಸಂಜೆ ದೊಡ್ಡಪ್ಪ ತೀರಕ್ಕೆ ಹೋದವರೇ ನೀರಿನ ಅಂಚಿಗೆ ಚಕ್ಕಳಮಕ್ಕಳ ಹಾಕಿ, ರುಮಾಲು ಸರಿಮಾಡಿಕೊಂಡು, ಸಮುದ್ರಕ್ಕೆ ಎದುರಾಗಿ ಕೂತರು. ನಾವು ಹಿಂದೆ. ದೇವೀರಮ್ಮ ಸ್ವಲ್ಪ ಹೊತ್ತು ನಿಂತಿದ್ದು ನೋಡಿದಳು. ಅವರು ತಿರುಗಲಿಲ್ಲ. ಕೂತಳು. ಆಗಲೂ ತಿರುಗಲಿಲ್ಲ. ನಿಧಾನವಾಗಿ ಒಂದು ಕಾಲು ಚಾಚಿದಳು, ಆಮೇಲೆ ಇನ್ನೊಂದನ್ನೂ ಚಾಚಿ ಸೆರಗನ್ನು ಭುಜಕ್ಕೆ ಇಳಿಸಿಕೊಂಡಳು. ಸೂರ್ಯ ಕೆಂಪಗೆ ದೊಡ್ಡದಾಗಿ, ಅವಸರವಿಲ್ಲದೆ ಇಳಿಯತೊಡಗಿದ. ನಮ್ಮೂರಲ್ಲಿ ಅವನು ಹೊಂಗೆ ಮರದ ಹಿಂದೆ ಹೇಳದೆ ಕೇಳದೆ ಮಾಯವಾಗುವವನು, ಇಲ್ಲಿ ಎಲ್ಲರೂ ನೋಡುವ ಹಾಗೆ ಮುಳುಗಿದ. ಮುಳುಗಿದ ಮೇಲೂ ಬಣ್ಣ ಉಳಿದೇ ಇತ್ತು. ನನ್ನ ಕೈಯ ಪಕ್ಕದಲ್ಲೇ ಅವಳ ಕೈ ಮರಳಿನ ಮೇಲಿತ್ತು. ಇಷ್ಟು ವರ್ಷದಲ್ಲಿ ನಾನು ಅಷ್ಟು ಸುಖವಾಗಿ ಕೂತದ್ದು ಇನ್ನೊಂದು ಸಲ ನೆನಪಿಲ್ಲ.

ಅಷ್ಟರಲ್ಲಿ ನೀರು ಏರತೊಡಗಿತು. ಒಂದು ಅಲೆ ಬಂದು ದೊಡ್ಡಪ್ಪನ ಮೊಣಕಾಲು ತೋಯಿಸಿತು. ಮುಂದಿನದು ಸೊಂಟಕ್ಕೆ ಬಂತು. ಅವರು ಅಲುಗಾಡಲಿಲ್ಲ. ನಾನು ಏಳಲು ಹೋದೆ, ಅಷ್ಟರಲ್ಲಿ ಅವರೇ ಮುಖ ತಿರುಗಿಸದೆ ಕೂಗಿದರು: “ಲೋ, ನಂಗೆ ಈಗ ಕಣ್ಣು ಕಾಣಾಕಿಲ್ಲ. ಚುಕ್ಕಿ ಕಾಣ್ತಾ?”

ಮೇಲೆ ನೋಡಿದೆ. ಚುಕ್ಕಿಗಳು ಆಗಲೇ ಬಂದುಬಿಟ್ಟಿದ್ದವು. ಪಾಪ, ಮುದುಕರು ನೆನೆಯುತ್ತಿದ್ದಾರೆ, ಕಾಣಿಸ್ತು ದೊಡ್ಡಪ್ಪ ಎನ್ನಲು ಬಾಯಿ ತೆರೆದೆ. ಪಕ್ಕದಿಂದ ಮೊದಲೇ ಉತ್ತರ ಹೋಗಿತ್ತು.

“ಇನ್ನೂ ಇಲ್ಲ ಮಾವ.”

ದೇವೀರಮ್ಮ ಕಂಬದ ನೆರವಿಲ್ಲದೆ ಅವರೊಂದಿಗೆ ಆಡಿದ ಮೊದಲ ಮಾತು ಅದು, ಅದೂ ಸುಳ್ಳು. ಆಡಿ, ತಾನೇ ಹೆದರಿ ಬಾಯಿಗೆ ಸೆರಗು ಮುಚ್ಚಿಕೊಂಡಳು. ದೊಡ್ಡಪ್ಪ ತಿರುಗಲಿಲ್ಲ. “ಆಗ್ಲಿ ಬುಡು ಮಗ, ನಿಧಾನುಕ್ಕೆ ಬರ್ಲಿ” ಎಂದರು. ಮತ್ತೊಂದು ಅಲೆ ಬಂದು ಅವರ ಎದೆಗೆ ಬಡಿದು ಹೋಯಿತು.

ಅಂದಿನಿಂದ ಮೈಸೂರು ತಲುಪುವವರೆಗೂ ನಾನು ನನ್ನ ಜಾಣತನದ ಮೇಲೆಯೇ ಬದುಕಿದ್ದೆ. ಒಂದು ಸಣ್ಣ ಪದ್ಧತಿ ಹುಟ್ಟಿಸಿ ಎರಡು ಜೀವಗಳ ಮರ್ಯಾದೆ ಉಳಿಸಿದವನು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಮೈಸೂರಿನಲ್ಲಿ ಮಂಡ್ಯದ ರೈಲು ಹತ್ತಿದೆವು. ಬೆಂಚಿಗೆ ಬೆಂಚು ಎದುರುಬದುರು. ದೇವೀರಮ್ಮ ಎಂದಿನಂತೆ ಬಾಗಿಲ ಹತ್ತಿರ ನಿಂತಳು. ದೊಡ್ಡಪ್ಪ ಕೂತವರು ಯಾಕೋ ಕಾಲೆರಡನ್ನೂ ಬೆಂಚಿನ ಮೇಲೆ ಮಡಚಿ, ನಮಗೆ ಪೂರ್ತಿ ಬೆನ್ನು ಮಾಡಿ, ಕಿಟಕಿಗೆ ಮೂಗು ತಾಗಿಸಿ ಕೂತರು.

“ಯಾಕೆ ದೊಡ್ಡಪ್ಪ, ಹಿಂಗೆ?” ಎಂದೆ.

“ಈ ರೈಲಲ್ಲೂ ಅದೇ ಪದ್ದತಿಯಂತೆ ಕಣ್ಲಾ. ಮಂಡ್ಯ ಬರಗಂಟ ತಿರುಗಿ ನೋಡ್ಬಾರ್ದಂತೆ.”

“ಯಾರು ಹೇಳಿದ್ರು?”

“ನಿಂಗೆ ಯಾವನ್ ಯೋಳಿದ್ನೋ, ಅವ್ನೇ ನಂಗೂ ಯೋಳ್ದ.”

ನಾನು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದೆ. ದೇವೀರಮ್ಮ ಸದ್ದಿಲ್ಲದೆ ಬಂದು ಬೆಂಚಿನ ಮೇಲೆ ಕೂತಳು. ಮಂಡ್ಯದ ಸ್ಟೇಷನ್ ಬರುವವರೆಗೂ ಕೂತೇ ಬಂದಳು. ಊರಿಗೆ ಬಂದ ಮೇಲೆ ಎಲ್ಲ ಮೊದಲಿನಂತೆಯೇ ಆಯಿತು. ಅವಳು ನಿಂತಳು, ನಾನು ಕಂಬವಾದೆ, ಸಾರು ನನ್ನ ಮೂಲಕವೇ ಹೋಗಿ ಬಂದಿತು. ದೊಡ್ಡಪ್ಪ ಕತ್ತು ಉಳುಕಿದೆಯೆಂದು ಒಂದಷ್ಟು ದಿನ ಎಣ್ಣೆ ತಿಕ್ಕಿಸಿಕೊಂಡರು. ಈಗ ಅವರಿಲ್ಲ. ದೀಪಸ್ತಂಭ ಹೇಗಿತ್ತೆಂದು ಕೇಳಿದರೆ ನನಗೆ ಸರಿಯಾಗಿ ನೆನಪಾಗುವುದಿಲ್ಲ. ಕೆಂಪು ನೀರಿನ ಮುಂದೆ ನೆನೆಯುತ್ತಾ ಕೂತಿದ್ದ ಆ ಬೆನ್ನು ಮಾತ್ರ ಕಣ್ಣು ಮುಚ್ಚಿದರೆ ಕಾಣುತ್ತದೆ.

ಹೋದ ವರ್ಷ ನಮ್ಮ ಮಗನಿಗೆ ಮದುವೆಯಾಯಿತು. ಹುಡುಗಿ ಮಳವಳ್ಳಿಯವಳು, ಓದಿದವಳು. ನಾನು ಮೊದಲ ದಿನವೇ, “ಕೂತ್ಕೊಳಮ್ಮ, ಈ ಮನೇಲಿ ಆ ಪದ್ಧತಿ ಎಲ್ಲ ಇಲ್ಲ” ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅವಳು ವಿನಯದಿಂದ ಕೇಳಿಸಿಕೊಂಡಳು, ನಿಂತುಕೊಂಡೇ ಕೇಳಿಸಿಕೊಂಡಳು. ಯಾವ ಪುಣ್ಯಾತ್ಮರು ಅವಳಿಗೆ ಹೇಳಿಕೊಟ್ಟು ಕಳಿಸಿದ್ದರೋ. ಸಂಜೆ ನಾನು ಹಜಾರದ ಕುರ್ಚಿಯಲ್ಲಿದ್ದರೆ ಅವಳು ಬಾಗಿಲಿಗೆ ಒರಗಿ ನಿಂತೇ ಇರುತ್ತಾಳೆ. ಒಂದು ದಿನ ದೇವೀರಮ್ಮ ಬಂದು, “ಒಸಿ ಆ ಕಡೆ ತಿರುಗಿ ಕೂತ್ಕಳಿ” ಎಂದಳು. ಆ ಕಡೆ ಇರುವುದು ಗೋಡೆ, ಗೋಡೆಯ ಮೇಲೆ ಒಂದು ಕ್ಯಾಲೆಂಡರು. ಕುರ್ಚಿ ತಿರುಗಿಸಿದೆ. ಹಿಂದೆ ಚಾಪೆ ಹಾಸಿದ ಸದ್ದಾಯಿತು. ಅತ್ತೆ ಸೊಸೆ ಕೂತರು, ಯಾರದೋ ಮದುವೆಯ ಮಾತು ಬಂತು, ನಗು ಬಂತು. ಅಂದಿನಿಂದ ನನ್ನ ಸಂಜೆಗಳು ಹೀಗೆಯೇ. ನನಗೆ ಸಮುದ್ರವಿಲ್ಲ, ಸೂರ್ಯನಿಲ್ಲ, ಕ್ಯಾಲೆಂಡರಿನ ಏಕಾದಶಿ ಅಮಾವಾಸ್ಯೆಗಳೆಲ್ಲ ಬಾಯಿಪಾಠವಾಗಿವೆ. ನಿನ್ನೆ ಕತ್ತು ತೀರಾ ನೋಯತೊಡಗಿ, ತಡೆಯಲಾರದೆ ಗೋಡೆಗೇ ಕೇಳಿದೆ: “ಚುಕ್ಕಿ ಕಾಣಿಸ್ತಾ?”

ಹೊರಗೆ ಕತ್ತಲಾಗಿ, ಬೀದಿ ದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು.

“ಇನ್ನೂ ಇಲ್ಲ ಮಾವ” ಎಂದಿತು ಮಳವಳ್ಳಿಯ ದನಿ.